ಬಂದ ರಾಕ್ಷಸ ಹೋಗಲಿಲ್ಲ

ನನ್ನ ನೆನಪಿಗೆ ನನ್ನ ಪರವಾಗಿಯೇ ಸಾಕ್ಷಿ ಹೇಳುವ ಚಟವಿದೆ. ಹಾಗಾಗಿ ಇಲ್ಲಿಯ ಕೆಲವು ವಿವರಗಳು ತಪ್ಪಿರಬಹುದು. ಪರದೆಯಾಗಿ ಹಿಡಿದದ್ದು ನೀಲಿ ಚಾದರ ಎಂದು ನಾನು. ಹಸಿರು ಎಂದು ನನ್ನ ಗಂಡ. ಚಾದರವೊಂದು ಇತ್ತು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಗಂಗಾವತಿಯ ಒಂದು ಶಾಲೆಯಲ್ಲಿ ನಾನು ಶಿಕ್ಷಕಿ. ಮಗಳು ಪಲ್ಲವಿ ಅಲ್ಲೇ ಏಳನೇ ತರಗತಿ. ಅವಳ ದನಿ ಎಷ್ಟು ಸಣ್ಣದೆಂದರೆ, ಹಾಜರಿಗೆ ಅವಳು ಹೇಳುವ "ಎಸ್ ಮೇಡಮ್" ಅನ್ನು ಪಕ್ಕದವಳು ಮತ್ತೊಮ್ಮೆ ಹೇಳಬೇಕು. ಪ್ರತಿವರ್ಷ ಶಾಲೆಯ ಗ್ಯಾದರಿಂಗಿನ ನಾಟಕದಲ್ಲಿ ಅವಳಿಗೆ ಗಿಡದ ಪಾತ್ರ. ಈ ಸಲ ಅವಳೇ ಕೇಳಿದಳು: "ಮಮ್ಮಿ, ನನಗೂ ಒಂದು ಮಾತು ಕೊಡ್ತೀಯೇನ?"

ಒಂದು ಮಾತೇನು, ನಾಟಕವನ್ನೇ ಬರೆದುಬಿಟ್ಟೆ. ಎಂ.ಎ. ಮಾಡಿದ್ದು ಸುಮ್ಮನೆಯೇ!

ಪ್ರಳಯವಾಗಿ ಲೋಕ ಮುಳುಗಿದೆ. ಹೇಮಗುಡ್ಡದ ಮೇಲೆ ಒಂದೇ ಒಂದು ವಿದ್ಯಾಲಯ ಉಳಿದಿದೆ. ಅಲ್ಲಿಯ ಮಕ್ಕಳಿಗೆ ರಾಕ್ಷಸರನ್ನು ಕರೆಯುವ ಶಕ್ತಿ. ನೀರು ಸೇದಲು, ಬಿದ್ದ ಗೋಡೆ ಎತ್ತಲು ರಾಕ್ಷಸರೇ ಗತಿ. ಕರೆಯುವುದು ಮೊದಲ ವರ್ಷದ ಪಾಠ. ಬಂದವನನ್ನು ವಾಪಸು ಕಳಿಸುವುದು ಕೊನೆಯ ಪರೀಕ್ಷೆ. ಆ ಪರೀಕ್ಷೆಗೆ ನಿಲ್ಲುವವಳು ಪಲ್ಲವಿ.

ರಾಕ್ಷಸನನ್ನು ಹುಡುಕಬೇಕಾಗಿರಲಿಲ್ಲ. ನಮ್ಮ ಮಾವನವರು ಹರೆಯದಲ್ಲಿ ಅಳವಂಡಿಯ ದೊಡ್ಡಾಟಗಳಲ್ಲಿ ರಾಕ್ಷಸ ಪಾತ್ರಕ್ಕೆ ಹೆಸರಾದವರು. ಈಗ ಮೊಣಕಾಲು ಸೋತಿವೆ, ಕಿವಿ ಮಾತ್ರ ಚುರುಕು. ಚಹಾಕ್ಕೆಂದು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದರೆ ಅಂಗಳದಿಂದಲೇ "ನನಗೂ ಒಂದು ಕಪ್ಪು" ಎನ್ನುತ್ತಾರೆ.

"ಅಪ್ಪನ್ನ ಕರೀಬ್ಯಾಡ. ಅಂವ ಬಂದ್ರ ಹೋಗೂದಿಲ್ಲ" ಎಂದು ಗಂಡ ಎಚ್ಚರಿಸಿದರು.

"ಬಂದು, ಗದೆ ತಿರುಗಿಸಿ, ಹೋಗೂದಷ್ಟ ಐತ್ರಿ" ಎಂದೆ.

ತಾಲೀಮಿನಲ್ಲಿ ಮಾವನವರು ಕುರ್ಚಿಯ ಮೇಲೆ ಕೂತು ಎಲ್ಲದಕ್ಕೂ "ಹೂಂ" ಎಂದರು. ನಾನು ನಂಬಿದೆ.

ಗ್ಯಾದರಿಂಗಿನ ಸಂಜೆ ಪಲ್ಲವಿ ರಂಗೋಲಿಯಲ್ಲಿ ಮಂಡಲ ಬರೆದು, "ದೈತ್ಯನೇ, ಬಾ" ಎಂದಳು. ದೈತ್ಯ ಬರಲಿಲ್ಲ. ಒಳಗಿನಿಂದ ಮಾತು ಬಂತು: "ಪರದೆ ಹಿಡೀರಿ! ಪರದೆ ಇಲ್ಲದ ರಾಕ್ಷಸ ಹ್ಯಾಂಗ ಬರಬೇಕು?"

ದೊಡ್ಡಾಟದಲ್ಲಿ ರಾಕ್ಷಸ ಹಾಗೆಲ್ಲ ಕರೆದಕೂಡಲೇ ಬರುವುದಿಲ್ಲ. ಇಬ್ಬರು ಅಡ್ಡಲಾಗಿ ಪರದೆ ಹಿಡಿಯಬೇಕು, ಹಿಂದಿನಿಂದ ಅವನು ಆರ್ಭಟಿಸಬೇಕು. ನಾನೂ ಗಂಡನೂ ಆ ಚಾದರ ಹಿಡಿದು ನಿಂತೆವು. ಮಾವನವರು ಆರ್ಭಟಿಸಿದರು. ಮುಂದಿನ ಸಾಲಿನ ಅಂಗನವಾಡಿ ಮಕ್ಕಳೆಲ್ಲ ಒಮ್ಮೆಲೇ ಅತ್ತವು.

ಪರದೆಯಾಚೆಯಿಂದ ಬಂದ ಮಾವನವರು ನನ್ನನ್ನೇ ದುರುಗುಟ್ಟಿ ನೋಡಿದರು. ಆಟದ ರಾಕ್ಷಸನನ್ನು, ಆಟ ನಡೆಸಿಕೊಡುವ ಸಾರಥಿಯಾದವನು "ತಾವು ಯಾರು?" ಎಂದು ಕೇಳಬೇಕು. ನನ್ನ ನಾಟಕದಲ್ಲಿ ಸಾರಥಿಯೇ ಇಲ್ಲ. ಚಾದರ ಹಿಡಿದುಕೊಂಡೇ ಕೇಳಿದೆ: "ತಾವು ಯಾರ್ರಿ?"

"ಭಲಾ ಸಾರಥಿ! ಮೂರು ಲೋಕ ಆಳುವಂಥ..."

"ಮಾವಾರ," ಪಿಸುಗುಟ್ಟಿದೆ, "ಲೋಕ ಮುಳುಗ್ಯಾವ್ರಿ."

"ಮುಳುಗಿದ್ರ ಏನಾತು? ಆಳಾಂವ ನಾ ಅದೀನಲ್ಲ!"

ಅಷ್ಟರಲ್ಲಿ ಅಳವಂಡಿಯಿಂದ ಗಾಡಿ ಮಾಡಿಕೊಂಡು ಬಂದಿದ್ದ ನಂಟರು ಸಾಲಾಗಿ ವೇದಿಕೆ ಹತ್ತಿದರು. ಪಾತ್ರಧಾರಿಗೆ ಆಟದ ನಡುವೆಯೇ ಉಡುಗೊರೆ ಕೊಟ್ಟು ಆಯೇರಿ ಮಾಡುವುದು ಅವರ ಪದ್ಧತಿ. ಒಬ್ಬರು ರುಮಾಲು ಸುತ್ತಿದರು, ಒಬ್ಬರು ಶಾಲು ಹೊದಿಸಿದರು, ಉಳಿದವರು ಹಾರ ಹಾಕಿದರು. ಪ್ರತಿ ಹಾರಕ್ಕೂ ಪಿ.ಟಿ. ಮಾಸ್ತರು ಮೈಕಿನಲ್ಲಿ ಹೆಸರು ಕೂಗಿದರು. ಪ್ರತಿ ಹೆಸರಿಗೂ ರಾಕ್ಷಸ ಮೂರು ಲೋಕವನ್ನು ಮೊದಲಿನಿಂದ ಆಳಿದ!

ಪಲ್ಲವಿ ತನ್ನ ಮಾತು ಹೇಳಿದಳು: "ಬಂದ ದಾರಿಯಲ್ಲೇ ಹಿಂತಿರುಗು."

"ಏನಂದಿ? ಕೇಳ್ಸಲಿಲ್ಲ!"

ಮತ್ತೆ ಹೇಳಿದಳು.

"ಕೇಳ್ಸಲೇ ಇಲ್ಲ!" ಎಂದು ರಾಕ್ಷಸ ಕಿವಿಗೆ ಕೈಯಿಟ್ಟು ಒಂದು ಸುತ್ತು ಕುಣಿದ. ಜನ ನಕ್ಕರು. ಮಗಳು ತಲೆ ತಗ್ಗಿಸಿದಳು. ಮುಗಿಯಿತು, ಇವಳಿನ್ನು ಜೀವಮಾನವಿಡೀ ಗಿಡವೇ ಎಂದುಕೊಂಡೆ. ನನ್ನ ಕೈಯಿಂದ ಚಾದರ ಜಾರಿತು.

ಪಲ್ಲವಿ ರಟ್ಟಿನ ಮಂತ್ರದಂಡವನ್ನು ನೆಲಕ್ಕೆ ಬಡಿದಳು.

"ಅಜ್ಜಾ! ಮುಂಜಾನಿ ಮೊಣಕಾಲು ನೋಯ್ತಾವಂತ ನನ್ನ ಕಡಿಂದ ಎಣ್ಣಿ ತಿಕ್ಕಿಸ್ಕೊಂಡಿ! ಈಗ ನೋಡಿದ್ರ ಕುಣಿಯಾಕ ಹತ್ತೀಯಲ್ಲ? ಸಾಕು! ನಡಿ ಮನಿಗೆ!"

ಮೈಕು ಅವಳ ಹತ್ತಿರ ಇರಲಿಲ್ಲ. ಗೇಟಿನಾಚೆ ಮಿರ್ಚಿ ಕರಿಯುತ್ತಿದ್ದವನೂ ತಿರುಗಿ ನೋಡಿದ ಎನ್ನುತ್ತಾರೆ.

ರಾಕ್ಷಸ ಗದೆ ಇಳಿಸಿದ. "ಅಪ್ಪಣಿ, ತಾಯಿ" ಎಂದು ತಲೆ ಬಾಗಿಸಿ, ಹಾರಗಳ ಸಮೇತ ಕುಂಟುತ್ತ ಹೊರಟೇ ಹೋದ. ಚಪ್ಪಾಳೆ, ಸಿಳ್ಳೆ! ಲೋಕ ಮತ್ತೆ ಹುಟ್ಟುವ ನನ್ನ ಮುಖ್ಯ ದೃಶ್ಯ ಇನ್ನೂ ಬಾಕಿ ಇತ್ತು. ಊಟಕ್ಕೆ ಹೊತ್ತಾಯಿತೆಂದು ಹೆಡ್ ಮೇಡಮ್ ಲೋಕವನ್ನು ಮುಳುಗಿದಲ್ಲೇ ಬಿಟ್ಟರು.

ಪಲ್ಲವಿ ಈಗ ಹಾಜರಿಗೆ ತಾನೇ "ಎಸ್ ಮೇಡಮ್" ಎನ್ನುತ್ತಾಳೆ; ಪಕ್ಕದ ತರಗತಿಗೂ ಕೇಳುತ್ತದೆ. ಇಡೀ ನಾಟಕದಲ್ಲಿ ಜನರಿಗೆ ನೆನಪುಳಿದ ಮಾತು "ನಡಿ ಮನಿಗೆ!" ಒಂದೇ, ಮತ್ತು ಅದು ನಾನು ಬರೆದದ್ದಲ್ಲ. ಸಂತೆಯಲ್ಲಿ ಕಾಯಿಪಲ್ಲೆಯವಳು ನನ್ನನ್ನು "ಬರ್ರಿ, ರಾಕ್ಷಸನ ಸೊಸಿ" ಎಂದೇ ಕರೆಯುತ್ತಾಳೆ. ಎಂ.ಎ. ವಿಷಯ ಯಾರೂ ಎತ್ತುವುದಿಲ್ಲ.

ಮೊನ್ನೆ ಅಡುಗೆಮನೆಯಲ್ಲಿ ಸದ್ದಾಗದಂತೆ ಸಕ್ಕರೆ ಡಬ್ಬಿ ತೆಗೆದೆ. ಅಂಗಳದಿಂದ ತಕ್ಷಣ "ನನಗೂ ಒಂದು ಕಪ್ಪು" ಎಂದು ಕೇಳಿಸಿತು. ಚಹಾ ಕೊಟ್ಟು, ಎದುರಿಗೇ ಕೂತು ಕೇಳಿದೆ:

"ಮಾವಾರ, ಅವತ್ತು ಆಕಿ ಅಂದದ್ದು ನಿಮಗ ಖರೇನ ಕೇಳ್ಸಿರ್ಲಿಲ್ಲೇನ್ರಿ?"

ಮಾವನವರು ಚಹಾ ಬಸಿಗೆ ಸುರುವಿಕೊಂಡು, ಊದಿ, ಸದ್ದು ಮಾಡುತ್ತ ಕುಡಿಯತೊಡಗಿದರು.