ಆರು ಸಾವಿರ ವರ್ಷದ ಲೆಕ್ಕ

ಪಂಚಪ್ಪ ಮೇಷ್ಟರು ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ನಿಂತು ಗಟ್ಟಿಯಾಗಿ ಪಾಠ ಅಭ್ಯಾಸ ಮಾಡಿದ್ದೇ ತಪ್ಪಾಯಿತು. ಕೊಪ್ಪಳದ ಕಡೆಯವರಾದ ಅವರು ಯಲಹಂಕದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತ, ಜಕ್ಕೂರಿನ ಅನಂತರಾಜು ಅವರ ಮಹಡಿಯಲ್ಲಿ ಬಾಡಿಗೆಗಿದ್ದರು. ಮರುದಿನದ ಪಾಠ ಆದಿ ಕ್ರೈಸ್ತರ ಇತಿಹಾಸ ಚಿಂತನೆ. ದೇವರು ಆರು ದಿನದಲ್ಲಿ ಲೋಕ ಸೃಷ್ಟಿಸಿದ, ಅವನ ಒಂದು ದಿನ ನಮಗೆ ಸಾವಿರ ವರ್ಷ, ಆದ್ದರಿಂದ ಆರು ಸಾವಿರ ವರ್ಷ ತುಂಬಿದೊಡನೆ ಲೋಕಾಂತ್ಯ ಎಂದು ಅವರಲ್ಲಿ ಕೆಲವರು ಎಣಿಸಿದ್ದರು.

ಕೆಳಗೆ ಹಲ್ಲುಜ್ಜುತ್ತಿದ್ದ ಅನಂತರಾಜು ಕತ್ತೆತ್ತಿದರು. "ಮೇಷ್ಟ್ರೇ, ಆ ಆರು ಸಾವಿರ ಯಾವಾಗ ತುಂಬ್ತದೆ?"

"ಅದು ಎಂದೋ ತುಂಬೇತ್ರಿ," ಎಂದರು ಮೇಷ್ಟರು, ಟಿಪ್ಪಣಿಯಿಂದ ಕಣ್ಣು ತೆಗೆಯದೆ.

ಅನಂತರಾಜು ಪೇಸ್ಟಿನ ನೊರೆಯನ್ನು ನುಂಗಿಬಿಟ್ಟರು.

ಒಂದು ಗಂಟೆಯೊಳಗೆ ಅವರ ಫೋನು ಹೋಗಿ, ರಾಜಾನುಕುಂಟೆಯಲ್ಲಿ ಅವರು ಕಟ್ಟಿಸುತ್ತಿದ್ದ ಕಟ್ಟಡದ ಗಾರೆಯವರೆಲ್ಲ ಮನೆಗೆ ಹೋದರು. ಸಿಮೆಂಟ್ ಲಾರಿ ಅರ್ಧ ದಾರಿಯಿಂದ ಹಿಂತಿರುಗಿತು. ಸುದ್ದಿ ಕೇಳಿ ಎದುರುಮನೆಯ ಮೋನಿಷಾ ಬ್ಯಾಂಕ್ ಪರೀಕ್ಷೆಯ ಪುಸ್ತಕ ಮುಚ್ಚಿ ಮಲಗಿದಳು. ಅವಳ ಮನೆಗೆ ವೈರಿಂಗ್ ಮಾಡಲು ಬಂದಿದ್ದ ಮುಬೀನ್ ತಂತಿಗಳನ್ನು ನೇತಾಡಲು ಬಿಟ್ಟು, ಜಗಲಿಯಲ್ಲಿ ಅನಂತರಾಜು ಪಕ್ಕ ಬಂದು ಕೂತ. ಇಬ್ಬರೂ ಗಂಟುಮೂಟೆ ಕಟ್ಟಿಕೊಂಡು ಕೊನೆಯ ಬಸ್ಸಿಗೆ ಕಾಯುವವರಂತಿದ್ದರು.

ಮೇಷ್ಟರು ತಲೆಗೆ ಸೋಪು ಹಚ್ಚಿಕೊಂಡ ಹೊತ್ತಿಗೆ ನಲ್ಲಿ ನಿಂತಿತು. ಮೋಟಾರು ಆರಿಸಿದವರು ಅನಂತರಾಜು ಅವರ ಹೆಂಡತಿ ವೆಂಕಟಲಕ್ಷ್ಮಮ್ಮ. ಅವರು ಬಾಗಿಲ ಹೊರಗಿಂದಲೇ ಹೇಳಿದರು: "ನಮ್ಮೆಜಮಾನ್ರು ಇಂಗೇ ಕುಂತ್ರೆ ಸಂಸಾರ ನಡೆಯಲ್ಲ. ಕೆಡಿಸ್ದೋರು ನೀವು. ಸರಿ ಮಾಡಿ, ಆಮೇಲೆ ನೀರು."

ಮೇಷ್ಟರು ಟವೆಲ್ ಸುತ್ತಿಕೊಂಡು ಜಗಲಿಗೆ ಇಳಿದರು. ಆ ಲೆಕ್ಕದ ಪ್ರಕಾರ ಕ್ರಿಸ್ತಶಕ ಐನೂರರ ಹೊತ್ತಿಗೇ ಲೋಕ ಮುಗಿಯಬೇಕಿತ್ತು, ಮುಗಿಯಲಿಲ್ಲ. ಗಡುವನ್ನು ಎಂಟುನೂರಕ್ಕೆ ಒಯ್ದರು, ಅದೂ ದಾಟಿತು ಎಂದು ವಿವರಿಸಿದರು.

"ಅಂದ್ರೆ ಮುಂದಕ್ಕಾಕವ್ರೆ ಅಷ್ಟೇ," ಎಂದು ಅನಂತರಾಜು ಇನ್ನಷ್ಟು ಕುಗ್ಗಿದರು. ಮುಂದೂಡಿದ ಪವರ್ ಕಟ್ ಹೇಳದೆ ಕೇಳದೆ ಬರುತ್ತದೆಂದು ಮುಬೀನ್ ದನಿಗೂಡಿಸಿದ.

ಮಧ್ಯಾಹ್ನವಾಯಿತು. ಸೋಪು ಒಣಗಿ ಮೇಷ್ಟರ ತಲೆ ಹಪ್ಪಳದಂತಾಯಿತು. ಕೊನೆಗೆ ಅವರು ಇನ್ನೊಂದು ಸಂಗತಿ ತೆಗೆದರು: ಆ ಕಾಲದಲ್ಲೂ ಹಲವರು ಕೆಲಸ ಬಿಟ್ಟು ಅಂತ್ಯಕ್ಕೆ ಕಾಯುತ್ತ ಕೂತಿದ್ದರು, ದುಡಿಯದವನಿಗೆ ಊಟವಿಲ್ಲವೆಂದು ಹಿರಿಯರೊಬ್ಬರು ಕಾಗದ ಬರೆದು ಗದರಿದರು, ಆ ದಿನ ನಮ್ಮ ಲೆಕ್ಕಕ್ಕೆ ಸಿಗುವುದಲ್ಲ ಎಂದು ಆಮೇಲಿನ ಪಂಡಿತರೂ ಬುದ್ಧಿ ಹೇಳಿದರು.

ಊಟದ ಮಾತು ಕೇಳಿದ್ದೇ ವೆಂಕಟಲಕ್ಷ್ಮಮ್ಮ ಒಳಹೋಗಿ ಅಡುಗೆಮನೆಗೆ ಚಿಲಕ ಹಾಕಿದರು. ಅನಂತರಾಜು ಎದ್ದು ನಿಂತರು.

"ಅಂಗಾದ್ರೆ ಲೋಕ ಇನ್ನೂ ಬಾಳಾ ದಿನ ಇರ್ತದೆ ಅಂತೀರಾ?"

"ಇರ್ತೈತ್ರಿ. ಧೈರ್ಯದಿಂದ ಕೆಲಸಾ ಮಾಡ್ರಿ."

ನೀರು ಬಂತು. ಮೇಷ್ಟರು ಹಗುರಾಗಿ ಸ್ನಾನ ಮುಗಿಸಿ ಹೊರಬಂದಾಗ ಅನಂತರಾಜು ಟೇಪು ಹಿಡಿದು ಮಹಡಿಯ ಗೋಡೆ ಅಳೆಯುತ್ತಿದ್ದರು. ಮುಖದಲ್ಲಿ ಹೊಸ ಕಳೆ.

"ನಿಮ್ ಮಾತಿಂದ ಕಣ್ ತೆರೀತು ಮೇಷ್ಟ್ರೇ. ಲೋಕ ಅಷ್ಟು ದಿನ ಇರೋದಾದ್ರೆ ಈ ಅಳೇ ಮನೆ ಇಟ್ಕೊಂಡು ಏನ್ ಮಾಡ್ಲಿ? ಒಡ್ದು ಐದಂತಸ್ತು ಎತ್ತಿಸ್ತೀನಿ. ಮೂವತ್ತನೇ ತಾರೀಕಿಗೆ ಖಾಲಿ ಮಾಡ್ಕೊಡಿ."