ನಾಯಕರ ತಿರುಗಣೆ

ಡ್ರಾಯಿಂಗ್ ಮೇಷ್ಟ್ರು ಅನಂತರಾಮುವಿನ ಗ್ರಹಚಾರ ಕೆಟ್ಟದ್ದು ಗಾಂಧೀಜಿಯ ಚರಕದಿಂದ.

ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷ ತುಂಬಿತೆಂದು ಮಳವಳ್ಳಿಯ ಉತ್ಸವ ಸಮಿತಿಯವರು ಮಕ್ಕಳ ಪಾರ್ಕಿನಲ್ಲಿ ರಾಷ್ಟ್ರನಾಯಕರ ಬೊಂಬೆ ನಿಲ್ಲಿಸುವುದೆಂದು ತೀರ್ಮಾನಿಸಿದ್ದರು. ಗೌರಿ ಹಬ್ಬಕ್ಕೆ ಗಣಪತಿ ಮಾಡಿ ಕೈ ಪಳಗಿದ್ದ ಅನಂತರಾಮುವಿನ ತಲೆಗೆ ಆ ಕೆಲಸ ಕಟ್ಟಿದರು. ಪಾಪದ ಮನುಷ್ಯ, ಬೆನ್ನು ತಟ್ಟಿದರೆ ಸಾಕು, ಒಪ್ಪಿಕೊಂಡುಬಿಡುತ್ತಾನೆ. ಆಗಸ್ಟ್ ಹದಿನೈದರ ಬೆಳಿಗ್ಗೆ, ಮಂತ್ರಿಗಳು ಬರುವ ದಿನವೇ, ಸಮಿತಿಯ ಅಧ್ಯಕ್ಷ ಚಿಕ್ಕಮಾದಯ್ಯ ಪಾರ್ಕಿಗೆ ಬಂದು ಬೊಂಬೆಗಳನ್ನು ನೋಡಿ ಹೌಹಾರಿದ.

“ಏನ್ ಮೇಷ್ಟ್ರೇ ಇದು? ಗಾಂಧಿ ಮುಂದೆ ಚರಕ ಮಡಗಿದ್ದೀರಿ!”

“ಗಾಂಧೀಜಿ ಮುಂದೆ ಚರಕ ಇಡದೆ ಇನ್ನೇನ್ ಇಡ್ಲಿ ಸ್ವಾಮಿ?”

“ಅದು ಆ ಕೆಂಪಸಿದ್ದಯ್ಯನ ಪಕ್ಷದ ಗುರ್ತು ಕಣ್ರೀ! ನಮ್ ಮಂತ್ರಿ ಬಂದು ಅವರ ಗುರ್ತಿಗೆ ಹಾರ ಹಾಕ್ಬೇಕಾ?”

ಮಾತು ಸುಳ್ಳಲ್ಲ. ದೊಡ್ಡ ಪಕ್ಷ ಒಡೆದು ಎರಡಾದ ಮೇಲೆ ಒಬ್ಬರಿಗೆ ಹಸು-ಕರುವಿನ ಗುರುತು, ಇನ್ನೊಬ್ಬರಿಗೆ ಚರಕದ ಗುರುತು ಸಿಕ್ಕಿತ್ತು. ಚಿಕ್ಕಮಾದಯ್ಯ ಹಸು-ಕರು. ಊರಿನ ಇನ್ನೊಬ್ಬ ಮುಖಂಡ ಕೆಂಪಸಿದ್ದಯ್ಯ ಚರಕ. ಅಲ್ಲಿಂದೀಚೆಗೆ ಇಬ್ಬರೂ ಒಂದೇ ಹೋಟೆಲಿನಲ್ಲಿ ಕಾಫಿ ಕುಡಿದವರಲ್ಲ.

“ಪಕ್ಷ ಒಡೆಯೋಕೆ ಮುಂಚಿನಿಂದಲೂ ಅವರು ನೂಲ್ತಾನೇ ಇದ್ರಲ್ಲ ಸ್ವಾಮಿ,” ಎಂದ ಅನಂತರಾಮು ಮೆಲ್ಲಗೆ.

“ನೂತ್ಕಳ್ಳಿ, ಬ್ಯಾಡ ಅಂದೋರ್ ಯಾರು? ಇವತ್ತೊಂದಿನ ಬುಡ್ಲಿ. ನೋಡಿ ಮೇಷ್ಟ್ರೇ, ಮಂತ್ರಿಗಳ ಮುಂದೆ ಏನಾರ ಗಲಾಟೆ ಆಯ್ತೋ, ಸೀದಾ ಬೀದರ್‌ಗೆ ಎತ್ತಾಕುಸ್ಬುಡ್ತೀನಿ.”

ಅನಂತರಾಮು ಮನಸ್ಸಿನಲ್ಲೇ ಬೀದರಿನ ದೂರ ಲೆಕ್ಕ ಹಾಕಿದ. ಮನೆಯಲ್ಲಿ ಹೆಂಡತಿ ಕನಕಲಕ್ಷ್ಮಿ ತುಂಬು ಬಸುರಿ. ಅವಳ ತವರು ಮದ್ದೂರು, ಬಸ್ಸು ಹತ್ತಿ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬರುತ್ತದೆ. ಬೀದರೆಲ್ಲಿ, ಮದ್ದೂರೆಲ್ಲಿ! ಮದುವೆಯಾಗಿ ಎಂಟು ವರ್ಷಕ್ಕೆ ಹುಟ್ಟುವ ಮೊದಲ ಮಗುವಿನ ಮುಖವನ್ನು ರಜಾ ಚೀಟಿ ಬರೆದು ನೋಡಬೇಕೇ? ಅವನು ಚರಕವನ್ನು ಎತ್ತಿ ಮಾಲಿಯ ಕೋಣೆಯಲ್ಲಿಟ್ಟ.

ಚರಕ ಹೋದ ಜಾಗ ಬೋಳಾಗಿ ಕಂಡಿತು. ಗಾಂಧೀಜಿ ಹಾಲು ಕುಡಿಯುತ್ತಿದ್ದ ಆಡು ಯಾರ ಗುರುತೂ ಅಲ್ಲವಲ್ಲ ಎಂದುಕೊಂಡು, ಶಾಲೆಯ ನಾಟಕಕ್ಕೆ ಮಾಡಿದ್ದ ಮಣ್ಣಿನ ಆಡನ್ನು ತಂದು ಅಲ್ಲಿಟ್ಟ. ಅಷ್ಟರಲ್ಲಿ ಕೆಂಪಸಿದ್ದಯ್ಯ ಹೆಗಲ ಮೇಲಿನ ಟವೆಲ್ಲು ಕೊಡವುತ್ತ ಬಂದ.

“ಚರಕ ಎಲ್ಲಿ ಮೇಷ್ಟ್ರೇ?”

“ರಿಪೇರಿಗೆ ಹೋಗಿದೆ ಸ್ವಾಮಿ.”

“ಮಣ್ಣಿನ ಚರಕಕ್ಕೆ ರಿಪೇರಿಯಾ? ಅದಿರ್ಲಿ, ಇದೇನ್ರೀ ಇದು? ಕರುನಾ?”

“ಅಯ್ಯೋ, ಆಡು ಸ್ವಾಮಿ! ಗಡ್ಡ ನೋಡಿ.”

“ಯಾವ್ ಆಡು ಇಷ್ಟ್ ದಪ್ಪ ಇದ್ದದು? ಕರೂಗೆ ಗಡ್ಡ ಅಂಟ್ಸಿದ್ದೀರಿ! ಇವತ್ತು ಕರು ತಂದ್ರಿ, ನಾಳೆ ಅದರ ಅವ್ವನ್ನ ತರ್ತೀರಿ. ನಮ್ ಕಡೆಯೋರೂ ವಿಧಾನಸೌಧದಾಗವ್ರೆ, ತಿಳ್ಕಳಿ. ಬೀದರ್‌ಗೆ ದಾರಿ ನಮ್ಗೂ ಗೊತ್ತು.”

ಆಡೂ ಮಾಲಿಯ ಕೋಣೆ ಸೇರಿತು. ಗಾಂಧೀಜಿ ಬರಿಗೈಯಲ್ಲಿ ಕುಳಿತರು.

ಇನ್ನು ನೆಹರೂ, ಪಟೇಲ್, ಸುಭಾಷ್, ಅಂಬೇಡ್ಕರ್. ಯಾರು ಮುಂದೆ, ಯಾರು ಹಿಂದೆ? ಚಿಕ್ಕಮಾದಯ್ಯ ನೆಹರೂ ಎಂದರೆ ಪ್ರಾಣ ಬಿಡುವವನು, ಕೆಂಪಸಿದ್ದಯ್ಯ ಪಟೇಲರ ಭಕ್ತ. ಈ ತೊಡಕಿಗೆ ಮಾತ್ರ ಅನಂತರಾಮು ಮುಂಚೆಯೇ ತಲೆ ಓಡಿಸಿದ್ದ. ಎದೆಯೆತ್ತರಕ್ಕೆ ಒಂದು ದೊಡ್ಡ ಮರದ ಚಕ್ರ. ಅದರ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಗೂಡು, ಒಂದೊಂದು ಗೂಡಿನಲ್ಲಿ ಒಬ್ಬೊಬ್ಬ ನಾಯಕರು, ಒಬ್ಬರ ಪಕ್ಕ ಒಬ್ಬರು ಕಾಣದ ಹಾಗೆ ನಡುವೆ ಹಲಗೆ. ನಟ್ಟನಡುವೆ ಎತ್ತರದಲ್ಲಿ ಗಾಂಧೀಜಿ. ಚಕ್ರದ ಸುತ್ತ ನಡೆದಾಡಲು ಜಾಗ ಬಿಟ್ಟು, ಆಮೇಲೆ ತಡಿಕೆ ಕಟ್ಟಿ ಒಂದೇ ಬಾಗಿಲು. ಹಿಟ್ಟಿನ ಗಿರಣಿಯ ಮೋಟಾರಿನಿಂದ ಚಕ್ರ ತಿರುಗುತ್ತಿದ್ದರೆ ಯಾರೂ ಮುಂದಲ್ಲ, ಯಾರೂ ಹಿಂದಲ್ಲ. ನಿಂತು ನೋಡಿದವರಿಗೆ ಎಲ್ಲರ ದರ್ಶನ. ಸರಿಯಾದ ಉಪಾಯವೇ. ಆದರೆ ಮಂತ್ರಿಗಳ ಕಾರು ಮದ್ದೂರು ದಾಟಿತೆಂದು ಸುದ್ದಿ ಬಂದ ಗಳಿಗೆಗೆ ಸರಿಯಾಗಿ ಕರೆಂಟು ಹೋಯಿತು.

ಅನಂತರಾಮು ಆಲೆಮನೆಗೆ ಓಡಿದ. ಕಬ್ಬಿನ ಗಾಣ ತಿರುಗಿಸುವ ಚಿಕ್ಕಬೋರಯ್ಯ ಪಾಪ, ಉಟ್ಟ ಬಟ್ಟೆಯಲ್ಲೇ ಜೋಡಿ ಎತ್ತು ಹೊಡೆದುಕೊಂಡು ಬಂದ. ಪಾರ್ಕಿನ ಬಾಗಿಲಲ್ಲಿ ಎತ್ತು ಕಂಡದ್ದೇ ತಡ, ಚಿಕ್ಕಮಾದಯ್ಯ ಒಂದು ಕಡೆಯಿಂದ, ಕೆಂಪಸಿದ್ದಯ್ಯ ಇನ್ನೊಂದು ಕಡೆಯಿಂದ ಕೂಗಿಕೊಂಡರು. ಪಕ್ಷ ಒಡೆಯುವುದಕ್ಕೆ ಮುಂಚೆ ಇಬ್ಬರಿಗೂ ಸೇರಿದ ಗುರುತು ಜೋಡೆತ್ತೇ. ಅದು ಕೊನೆಗೆ ಯಾರಿಗೂ ದಕ್ಕದೆ ಹೋದ ಹೊಟ್ಟೆಯುರಿ ಇಬ್ಬರಲ್ಲೂ ಆರಿರಲಿಲ್ಲ.

“ಎತ್ತು ಹೊಡ್ಕೊಂಡ್ ಓಗ್ಲಾ ಬೋರ!” ಎಂದು ಇಬ್ಬರೂ ಒಂದೇ ಉಸಿರಿಗೆ ಕೂಗಿದರು.

“ಎತ್ತು ಬ್ಯಾಡ, ಕರು ಬ್ಯಾಡ, ಆಡು ಬ್ಯಾಡ! ನಾನಾರ ಆಗ್ಬೋದಾ, ನಾನೂ ಯಾವ್ದಾರ ಪಕ್ಷದ ಗುರ್ತಾ?” ಎಂದು ಗೊಣಗುತ್ತ ಬೋರಯ್ಯ ತಾನೇ ಚಕ್ರದ ಕೆಳಗೆ ನುಗ್ಗಿದ. ಸುತ್ತ ಬಟ್ಟೆ ಇಳಿಬಿಟ್ಟರು. ಒಳಗೆ ಬಗ್ಗಿಕೊಂಡು ತೊಲೆಗೆ ಹೆಗಲು ಕೊಟ್ಟು ಸುತ್ತುವುದು ಅವನ ಕೆಲಸ.

“ಎಡಗಡೆಗೆ ತಿರುಗ್ಸು ಬೋರಯ್ಯ,” ಎಂದ ಅನಂತರಾಮು.

“ಎಡುಕ್ಕಾ? ಮ್ಯಾಲೆ ಗಾಂಧಿ ತಾತ ಕುಂತವ್ರೆ. ಎಡಸುತ್ತು ಬರೋದು ಸಾವಿನ ಮನೇಲಿ ಕಣ್ ಮೇಷ್ಟ್ರೇ! ನಾ ಪ್ರದಕ್ಷಿಣೇನೇ ಬರೋನು.”

ವಾದಕ್ಕೆ ಹೊತ್ತಿರಲಿಲ್ಲ. ಅಷ್ಟರಲ್ಲಿ ಮೇಷ್ಟ್ರ ಪಕ್ಕದ ಮನೆಯ ಮೀನಾಕ್ಷಮ್ಮ ತಡಿಕೆಯೊಳಗೆ ಹೋಗಿ, ಗಾಂಧೀಜಿಗೆ ಕುಂಕುಮವಿಟ್ಟು, ಊದುಬತ್ತಿ ಹಚ್ಚಿ ಬಂದಿದ್ದಳು. ಅವಳನ್ನು ಯಾರೂ ಕರೆದಿರಲಿಲ್ಲ. ಕರೆಯುವವರೆಗೆ ಕಾಯುವ ಹೆಂಗಸೂ ಅವಳಲ್ಲ.

ಮಂತ್ರಿಗಳು ಬಂದರು. ಚಿಕ್ಕಮಾದಯ್ಯ ಅವರನ್ನು ಒಳಗೆ ಕರೆದೊಯ್ಯುವ ಮುಂಚೆ ಅನಂತರಾಮು ಜಾಣತನದಿಂದ ನೆಹರೂ ಗೂಡನ್ನು ಬಾಗಿಲಿಗೆ ನೇರ ತಂದಿಟ್ಟಿದ್ದ. ಮುಂದೆ ಚಕ್ರ ತಿರುಗಿ ಎಲ್ಲರೂ ಕಾಣಲಿ ಎಂದು ಚಿಟಿಕೆ ಹೊಡೆದ. ಬೋರಯ್ಯ ಹೊರಟ.

ಅಲ್ಲಿ ನಡೆದದ್ದನ್ನು ತಡಿಕೆಯ ಸಂದಿಯಿಂದ ನೋಡಿ ಅನಂತರಾಮುವಿಗೆ ಜೀವವೇ ಬಾಯಿಗೆ ಬಂತು. ಊದುಬತ್ತಿಯ ವಾಸನೆ ಮೂಗಿಗೆ ಬಡಿದದ್ದೇ ಮಂತ್ರಿಗಳು ಚಪ್ಪಲಿ ಬಿಟ್ಟು ಕೈಮುಗಿದು ಪ್ರದಕ್ಷಿಣೆಗೆ ನಡೆದರು. ಹಿಂದೆಯೇ ಚಿಕ್ಕಮಾದಯ್ಯ, ಅವನ ಹಿಂದೆ ಅವನ ಕಡೆಯವರೆಲ್ಲ. ಅವರು ನಡೆದ ಕಡೆಗೇ ಚಕ್ರವೂ ನಡೆಯಿತು. ಬಗ್ಗಿದ ಬೋರಯ್ಯನ ನಿಧಾನವೂ ಭಕ್ತಿಯಿಂದ ಹೆಜ್ಜೆಯಿಡುವವರ ನಿಧಾನವೂ ಒಂದೇ. ಮೂರು ಸುತ್ತು ಬಂದರೂ ಅವರ ಪಕ್ಕದಲ್ಲಿ ಇದ್ದದ್ದು ನೆಹರೂ ಒಬ್ಬರೇ!

ಮುಗಿಯಿತು ಕತೆ, ಬೀದರೇ ಗತಿ ಎಂದು ಅವನು ಬೆವರು ಒರೆಸಿಕೊಳ್ಳುತ್ತಿರುವಾಗ ಚಿಕ್ಕಮಾದಯ್ಯ ಹೊರಗೆ ಬಂದು ಅವನ ಕಿವಿಯ ಹತ್ತಿರ ಬಾಯಿ ತಂದ.

“ಭೇಷ್ ಮೇಷ್ಟ್ರೇ! ಸುತ್ತ ಎಲ್ಲಿ ನೋಡುದ್ರೂ ನಮ್ ನೆಹರೂನೇ. ಮಿಕ್ಕೋರ್ನ ಕೈ ಬುಟ್ಟಿದ್ದೀರಿ, ಭಲೇ ಆಳು ಕಣ್ರೀ ನೀವು. ಕೆಂಪಸಿದ್ದನಿಗೆ ಮಾತ್ರ ಏಳ್ಬ್ಯಾಡಿ.”

ಅನಂತರಾಮುವಿಗೆ ಆಗ ಹೊಳೆಯಿತು. ಕೆಂಪಸಿದ್ದಯ್ಯನ ತಂಡ ಒಳಗೆ ನುಗ್ಗುವ ಮುಂಚೆ ಪಟೇಲರ ಗೂಡನ್ನು ಬಾಗಿಲಿಗೆ ತಿರುಗಿಸಿದ. ಅವರೂ ಚಪ್ಪಲಿ ಬಿಟ್ಟರು, ಮೂರು ಸುತ್ತು ಬಂದರು, ಹೊರಗೆ ಬಂದದ್ದೇ ಕೆಂಪಸಿದ್ದಯ್ಯ ಅವನ ಕೈ ಕುಲುಕಿದ.

“ಸರ್ದಾರರೊಬ್ಬರ್ನೇ ಮಡಗಿದ್ದೀರಿ! ನಿಮ್ ಗುಂಡಿಗೆ ಗಟ್ಟಿ ಮೇಷ್ಟ್ರೇ. ಚಿಕ್ಕಮಾದನ ಕಣ್ಗೆ ಹೆಂಗ್ ಮಣ್ಣೆರಚಿದ್ರಿ?”

ಇಬ್ಬರ ಮುಖದಲ್ಲೂ ನಗು. ಆದರೆ ತಡಿಕೆಯ ಒಳಗೆ, ಕಾಲುನೋವೆಂದು ಒಂದೇ ಕಡೆ ಕುಳಿತುಬಿಟ್ಟಿದ್ದ ಮುದುಕಿ ಮರಿತಾಯಮ್ಮ ಈಗ ಈಚೆ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ನಾನು ಕುಂತ ತಾವ್ಕೇ ನಾಕ್ ಜನಾನೂ ಬಂದ್ ಬಂದ್ ಓದ್ರು ಕಣ್ರಪ್ಪಾ!”

ಚಿಕ್ಕಮಾದಯ್ಯ ನಕ್ಕ. “ಅಜ್ಜಿಗೆ ಕಣ್ ಮಂಜು,” ಎಂದ. “ಊಂ ಕಣ್ಲಾ, ಪಾಪ, ವಯಸ್ಸಾಯ್ತು,” ಎಂದ ಕೆಂಪಸಿದ್ದಯ್ಯ. ಪಕ್ಷ ಒಡೆದ ಮೇಲೆ ಅವರಿಬ್ಬರು ಆಡಿಕೊಂಡ ಮೊದಲ ಮಾತು ಅದು.

ಮಂತ್ರಿಗಳು ಇದನ್ನು ನೋಡಿ ಬೆರಗಾದರು. “ನಾಯಕರ ಬೊಂಬೆ ನಿಲ್ಸಿ ಎರಡೂ ಕಡೆಯವರು ನಗೋದನ್ನ ಇವತ್ತೇ ಕಂಡದ್ದು ನಾನು. ಬೀದರ್ ಕಡೆ ಇಂಥದೇ ಒಂದು ಪಾರ್ಕಿಗೆ ಕೈಹಾಕಿ, ಯಾರು ಮುಂದೆ ಅಂತ ಹೊಡೆದಾಡ್ತಾ ಕೂತಿದ್ದಾರೆ. ಈ ಮೇಷ್ಟ್ರನ್ನ ನಾಳೇನೇ ಅಲ್ಲಿಗೆ ಕಳಿಸೋಣ. ಏನಂತೀರಿ?”

“ಧಾರಾಳ್ವಾಗಿ ಕಳ್ಸಿ ಬುದ್ಧಿ, ಮಳವಳ್ಳಿಗೇ ಹೆಸರು!” ಎಂದ ಚಿಕ್ಕಮಾದಯ್ಯ.

“ನಮ್ದೂ ಒಪ್ಗೆ,” ಎಂದ ಕೆಂಪಸಿದ್ದಯ್ಯ.

“ಸ್ವಾಮಿ, ಇದರಲ್ಲಿ ನಂದೇನೂ ಇಲ್ಲ, ಅದು...” ಎಂದು ಅನಂತರಾಮು ಬಾಯಿ ತೆರೆದ, ಮುಚ್ಚಿದ. ನಿಜ ಹೇಳಿದರೆ ಈಗಲೇ ಗಲಾಟೆ, ಗಲಾಟೆಯಾದರೆ ಬೀದರು. ಹೇಳದಿದ್ದರೆ ಹಾರ ತುರಾಯಿಯ ಸಮೇತ ಬೀದರು. ಹಾರ ಆಗಲೇ ಕೊರಳಿಗೆ ಬಿದ್ದಿತ್ತು.

ಮನೆಗೆ ಬಂದಾಗ ಕನಕಲಕ್ಷ್ಮಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಿಂತಿದ್ದಳು. ಬೆಳಗಿನ ಬೆದರಿಕೆಯ ಸುದ್ದಿ ಅವಳ ಕಿವಿಗೂ ಬಿದ್ದಿತ್ತು.

“ಗಲಾಟೆ ಏನಾದ್ರೂ ಆಯ್ತೇನ್ರೀ?”

“ಇಲ್ಲ ಕಣೇ. ಒಂಚೂರೂ ಆಗಲಿಲ್ಲ.”

“ಅಬ್ಬಾ! ಹಾಗಾದ್ರೆ ಬೀದರ್ ತಪ್ಪಿತು. ಮಗು ಹುಟ್ಟೋವಾಗ ನೀವು ಇಲ್ಲೇ ಇರ್ತೀರಿ,” ಎಂದು ಅವಳು ಕಣ್ಣೊರೆಸಿಕೊಂಡಳು.

ಹೇಗೆ ಹೇಳಲಿ ಎಂದು ಅನಂತರಾಮು ಒದ್ದಾಡುತ್ತಿರುವಾಗ ಮೀನಾಕ್ಷಮ್ಮ ಸಕ್ಕರೆ ಬಟ್ಟಲು ಹಿಡಿದು ನೇರ ಒಳಗೆ ಬಂದಳು.

“ಬಾಯಿ ತೆಗಿಯವ್ವ ಕನಕಮ್ಮ! ಮಂತ್ರಿಗಳೇ ನಿನ್ ಗಂಡುನ್ನ ಬೇಕು ಅಂತ ಕೇಳಿ ಬೀದರ್‌ಗೆ ಕರುಸ್ಕೊಂಡವ್ರೆ!” ಎಂದು ಅವಳ ಬಾಯಿಗೆ ಸಕ್ಕರೆ ಹಾಕಿ, ಅನಂತರಾಮುವಿನ ಕಡೆ ತಿರುಗಿದಳು. “ಒರಡಾಕ್ ಮುಂಚೆ ಆ ಗಾಂಧಿ ತಾತಂಗೆ ಮೂರ್ ಸುತ್ತು ಬಂದ್ಬುಡಿ ಮೇಷ್ಟ್ರೇ. ಒಳ್ಳೇದಾಯ್ತದೆ.”