ಗುಂಡ್ಲುಪೇಟೆಗೆ ಮೂವತ್ತೆರಡು ನಿಮಿಷ

ಪುಟ್ಟಮಾದುವಿನ ಕೆಲಸಕ್ಕೆ ಸಂಚಕಾರ ತಂದದ್ದು ಒಂದು ವಿಮಾನ. ಅದನ್ನು ಹತ್ತುವುದಿರಲಿ, ಅವನು ಹತ್ತಿರದಿಂದ ನೋಡಿಯೂ ಇರಲಿಲ್ಲ.

ಬದನಗುಪ್ಪೆಯ ಬಟ್ಟೆ ಫ್ಯಾಕ್ಟರಿಯಲ್ಲಿ ಅವನದು ಮೂರು ವರ್ಷದ ಟೆಂಪರರಿ ಕೆಲಸ. ಇವತ್ತು ಸಂಜೆ ಹಾಕುವ ಪರ್ಮನೆಂಟ್ ಪಟ್ಟಿಯಲ್ಲಿ ಅವನ ಹೆಸರಿತ್ತು. ಬೆಳಿಗ್ಗೆ ನೋಡಿದರೆ, ಅವನ ಊರು ಗುಂಡ್ಲುಪೇಟೆಯಿಂದ ಹೊರಟ ಬಸ್ಸು ತೆರಕಣಾಂಬಿಯಲ್ಲಿ ಟೊಮೆಟೊ ಕ್ರೇಟು ಹೇರಿಕೊಳ್ಳುತ್ತ ತುಂಬು ಬಸುರಿ ಎಮ್ಮೆಯ ಹಾಗೆ ನಿಂತುಬಿಟ್ಟಿತು. ಚಾಮರಾಜನಗರದಲ್ಲಿ ಇನ್ನೊಂದು ಬಸ್ಸು ಹಿಡಿದು ಗೇಟು ಮುಟ್ಟುವಾಗ ಇಪ್ಪತ್ತು ನಿಮಿಷ ಲೇಟು. ತಿಂಗಳಲ್ಲಿ ಮೂರನೆಯ ಸಲ. ಮೂರಾದರೆ ಪಟ್ಟಿಯಿಂದ ಹೆಸರು ಔಟ್.

"ಸಾ, ಕಂಪ್ನಿ ಬಸ್ಸು ನಿಲ್ಸಿದ್ಮೇಲೆ ಹಿಂಗಾಯ್ತಾ ಅದ ಸಾ."

ಬಸ್ಸು ನಿಲ್ಲಿಸಿದ ಹೊಸ ಆಫೀಸರ್ ಸೋಮೇಶ್ ಕಂಪ್ಯೂಟರ್ ತಿರುಗಿಸಿ ತೋರಿಸಿದ. "ನೋಡ್ರೀ, ಗುಂಡ್ಲುಪೇಟೆಯಿಂದ ಚಾಮರಾಜನಗರ ಮೂವತ್ತು ಕಿಲೋಮೀಟರು, ಮೂವತ್ತೆರಡು ನಿಮಿಷ. ಅಲ್ಲಿಂದ ಇಲ್ಲಿಗೆ ಹದಿನೈದು. ಉಳಿದ ಟೈಮಲ್ಲಿ ಏನ್ ಮಾಡ್ತೀರಿ?"

ಪುಟ್ಟಮಾದು ಬಗ್ಗಿ ನೋಡಿದ. ಅಂಕಿಯ ಪಕ್ಕದಲ್ಲೊಂದು ಪುಟಾಣಿ ವಿಮಾನ ಮೂಗೆತ್ತಿ ನಿಂತಿತ್ತು; ಕೆಳಗೆ ಸಣ್ಣಕ್ಷರದಲ್ಲಿ 'ಏರಲು, ಇಳಿಯಲು ಮೂವತ್ತು ನಿಮಿಷ ಸೇರಿ' ಎಂದಿತ್ತು.

"ಸಾ, ಇದು ಇಮಾನದ ಲೆಕ್ಕ!"

"ಲೆಕ್ಕ ಲೆಕ್ಕಾನೇ ಕಣ್ರೀ. ಹೋಗಿ."

ಸುದ್ದಿ ಹೊಲಿಗೆ ಮಿಷನ್ನುಗಳ ಸಾಲಿನಲ್ಲಿ ದಾರಕ್ಕಿಂತ ಜೋರಾಗಿ ಓಡಿತು.

"ಅಲ್ಕಣ್ಲಾ, ಇಮಾನ ಎಲ್ಲಿ ಇಳ್ಸಿಯೆ? ಈರುಳ್ಳಿ ಮಂಡೀಲಾ?" ಕಟಿಂಗ್ ಟೇಬಲ್ಲಿನ ರಾಜಣ್ಣ ಕೇಳಿದ.

ಕಾಲರ್ ಹೊಲಿಯುವ ಮೂಗಮ್ಮ ನಗಲಿಲ್ಲ. "ಹಲ್ಲು ಕಿರಿಯದು ಬುಟ್ಟು ಅರ್ಜಿ ಬರೀರ್ಲಾ. ಇಮಾನದ ಟೈಮು ಹಾಕಿದ್ರೆ ಇಮಾನ ಕೊಡ್ಲಿ. ಇಲ್ದಿದ್ರೆ ಬಸ್ಸಿನ ಟೈಮು ಹಾಕ್ಲಿ."

"ಅಕ್ಕೋ, ನನ್ ಹೆಸ್ರು ಮ್ಯಾಲೆ ಬರೀಬ್ಯಾಡ," ಪುಟ್ಟಮಾದು ಪಿಸುಗುಟ್ಟಿದ.

"ಬರ್ದಾಯ್ತು, ದಪ್ಪಕ್ಷರದಲ್ಲಿ."

ಊಟದ ಹೊತ್ತಿಗೆ ಅರವತ್ತೊಂದು ಸಹಿ ಬಿತ್ತು. ಫ್ಯಾಕ್ಟರಿಗೆ ನಡೆದೇ ಬರುವ ಬದನಗುಪ್ಪೆಯವರೂ ಹಾಕಿದರು. ಊಟ ಮುಗಿದರೂ ಒಂದು ಮಿಷನ್ನೂ ಗುರ್ ಅನ್ನಲಿಲ್ಲ.

ನಾಲ್ಕು ಗಂಟೆಗೆ ದೊಡ್ಡ ಮ್ಯಾನೇಜರ್ ಬಂದರು, ಓದಿದರು, ಸೋಮೇಶನ ಕಡೆ ನೋಡಿದರು. ಅವನ ಮುಖ ಮೊದಲ ಒಗೆತಕ್ಕೇ ಬಣ್ಣ ಬಿಟ್ಟ ಬಟ್ಟೆಯಂತಾಯಿತು. ಸೋಮವಾರದಿಂದ ಕಂಪನಿ ಬಸ್ಸು ಮತ್ತೆ ಶುರು. ಲೇಟೆಲ್ಲ ಮಾಫಿ, ಪುಟ್ಟಮಾದುವಿನ ಹೆಸರು ಪಟ್ಟಿಯಲ್ಲೇ. ಕಂಪ್ಯೂಟರಿಗೆ ರಸ್ತೆಯ ಟೈಮೇ ಹಾಕಬೇಕು.

ಜನ ಪುಟ್ಟಮಾದುವನ್ನು ಎತ್ತಿ ಕುಣಿಸಿದರು. ಸೋಮೇಶ್ 'ಒಂದೂವರೆ ಗಂಟೆ' ಎಂದು ಒತ್ತಿದ. ಪಟ್ಟಿಯಿಂದ ಪುಟ್ಟಮಾದುವಿನ ಹೆಸರು ಪಟಕ್ಕನೆ ಮಾಯವಾಯಿತು.

"ಇದೇನ್ ಸಾ?"

"ಪರ್ಮನೆಂಟ್ ಆಗೋರ ಮನೆ ಒಂದು ಗಂಟೆ ದಾರಿಯೊಳಗೆ ಇರಬೇಕು. ರೂಲ್ಸು. ಇಷ್ಟು ದಿನ ನೀವು ವಿಮಾನದಲ್ಲಿ ಬರ್ತಿದ್ರಿ, ಅದಕ್ಕೇ ಪಟ್ಟೀಲಿದ್ರಿ."

ಎತ್ತಿದ್ದವರು ಅವನನ್ನು ಮೆಲ್ಲಗೆ ಕೆಳಗಿಳಿಸಿದರು. ಪುಟ್ಟಮಾದು ಅಂಗಿ ಸರಿಮಾಡಿಕೊಂಡ. ಮೂರು ವರ್ಷದಲ್ಲಿ ಮೊದಲ ಸಲ ಅವನ ದನಿ ಕಟಿಂಗ್ ಟೇಬಲ್ಲಿನ ತನಕ ಕೇಳಿಸಿತು.

"ಸಾ, ಆ ರೂಲ್ಸು ಬರ್ದೋರ ಮನೆ ಎಲ್ಲಿ ಅದ ಸಾ?"

"ಅವರದಾ? ಬೆಂಗಳೂರು."

ಅರವತ್ತೊಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗಷ್ಟೇ ಶುರುವಾಗಿದ್ದ ಮಿಷನ್ನುಗಳು ಒಂದೊಂದಾಗಿ ಮತ್ತೆ ನಿಂತವು.